ಬೆಟ್ಟಕ್ಕಿಂತ ಮೊದಲು ಬೆಳಕನ್ನು ಕೇಳಿ

ಬೆಂಗಳೂರಿಗೆ ರಜೆ ಕಳೆಯಲು ಬಂದು, ಒಂದು ಬೆಳಗ್ಗೆ ಚಿಕ್ಕಬಳ್ಳಾಪುರದ ಕಡೆ ಹೊರಡುವ ಕುಟುಂಬಗಳು ನನಗೆ ಕರೆ ಮಾಡಿದಾಗ ಹೇಳುವ ಮಾತು ಬಹುಪಾಲು ಒಂದೇ: ‘ನಂದಿ ಬೆಟ್ಟದ ತುದಿಯಲ್ಲಿ, ಮೋಡದ ನಡುವೆ, ಸೂರ್ಯ ಹುಟ್ಟುವಾಗ ನಮ್ಮೆಲ್ಲರ ಫೋಟೊ ಬೇಕು.’

ಆಸೆ ದೊಡ್ಡದು. ಆದರೆ 1,478 ಮೀಟರ್ ಎತ್ತರದ ಆ ತುದಿಯಲ್ಲಿ ಚಳಿಗಾಲದ ಮಂಜು ಕವಿಯಿತೆಂದರೆ ಸೂರ್ಯನಿರಲಿ, ಎದುರಿನ ಮರವೂ ಕಾಣುವುದಿಲ್ಲ. ಶನಿವಾರ, ಭಾನುವಾರಗಳಲ್ಲಿ ಕತ್ತಲಿರುವಾಗಲೇ ವಾಹನಗಳ ಸಾಲು ಬೆಳೆದಿರುತ್ತದೆ. ನಿದ್ದೆಗೆಟ್ಟ ಮಕ್ಕಳು ಕಾರಿನಲ್ಲಿ ಅತ್ತು ಅತ್ತು, ಕ್ಯಾಮೆರಾದ ಮುಂದೆ ನಿಲ್ಲುವ ಹೊತ್ತಿಗೆ ಬಾಡಿ ಹೋಗಿರುತ್ತಾರೆ. ಹಾಗಾಗಿ ಮೊದಲು ತಪ್ಪಲಿನ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಬನ್ನಿ ಎನ್ನುತ್ತೇನೆ. ಬೆಟ್ಟವನ್ನು ಆಮೇಲೆ ನೋಡಬಹುದು.

ಕಾರಣ ಬೆಳಕು. ನಮ್ಮ ಸೀಮೆಯಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಸರಸರನೆ ಮೇಲೇರುತ್ತಾನೆ. ಮುಖದ ಮೇಲೆ ಅಡ್ಡಲಾಗಿ ಬೀಳುವ ಜೇನುಬಣ್ಣದ ಎಳೆಬಿಸಿಲು ಒಂದು ಗಂಟೆ ಸಿಕ್ಕರೆ ಪುಣ್ಯ. ಅದು ಕಳೆದ ಮೇಲೆ ಬಯಲಿನಲ್ಲಿ ನಿಂತವರ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಭೋಗನಂದೀಶ್ವರದಲ್ಲಿ ಆಗಲೂ ದಾರಿಯಿದೆ. ಶೃಂಗಿ ತೀರ್ಥವೆಂಬ ಕಲ್ಯಾಣಿಯ ಬಳಿ ಕಂಬಸಾಲಿನ ಅಂಚಿನಲ್ಲಿ, ನೆರಳಿನೊಳಗೆ ಒಂದೆರಡು ಹೆಜ್ಜೆ ಹಿಂದೆ ಸರಿದು ಹೊರಗೆ ಮುಖಮಾಡಿ ನಿಂತರೆ, ಮನೆಯ ಕಿಟಕಿಯ ಬಳಿ ಬೀಳುವಂಥ ಬೆಳಕು ಕೆನ್ನೆ ಸವರುತ್ತದೆ. ಬೂದುಬಣ್ಣದ ಕಲ್ಲಿನ ಮುಂದೆ ಅರಿಶಿನ, ಕುಂಕುಮ, ಗಿಳಿಹಸಿರು ಬಣ್ಣದ ಬಟ್ಟೆಗಳು ಅರಳುತ್ತವೆ. ಸಣ್ಣ ಚೌಕುಳಿಯ ಅಂಗಿ ಮಾತ್ರ ಬೇಡ, ಡಿಜಿಟಲ್ ಚಿತ್ರದಲ್ಲಿ ಅದು ಅಲೆಅಲೆಯಾಗಿ ಕಲೆಸಿಕೊಳ್ಳಬಹುದು.

ಕಾಲಿನ ವಿಷಯವನ್ನೂ ಹೇಳಬೇಕು. ಒಮ್ಮೆ ತಡವಾಗಿ ಬಂದ ಕುಟುಂಬವೊಂದನ್ನು ಬಿಸಿಲೇರಿದ ಮೇಲೆ ಅಂಗಳದಲ್ಲಿ ಬರಿಗಾಲಲ್ಲಿ ನಿಲ್ಲಿಸಿದೆ. ತೆಗೆದ ಪ್ರತಿ ಚಿತ್ರದಲ್ಲೂ ಅಜ್ಜಿಯ ತುಟಿ ಬಿಗಿದಿತ್ತು. ಪಾದ ಸುಡುತ್ತಿದ್ದರೂ ಅವರು ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ತಪ್ಪದು, ಇಂದಿಗೂ ಚುಚ್ಚುತ್ತದೆ. ಈಗ ಹಿರಿಯರ ಚಿತ್ರ ಮೊದಲು ತೆಗೆದು, ಅವರನ್ನು ನೆರಳಲ್ಲಿ ಕೂರಿಸಿದ ಮೇಲೆಯೇ ಉಳಿದವರನ್ನು ಕರೆಯುತ್ತೇನೆ.

ಛಾಯಾಗ್ರಾಹಕರನ್ನು ಗೊತ್ತುಮಾಡುವಾಗ ಅವರು ಆಯ್ದು ತೋರಿಸುವ ಹತ್ತು ಚೆಂದದ ಚಿತ್ರಗಳಿಗೆ ಮರುಳಾಗಬೇಡಿ. ಒಂದೇ ಕುಟುಂಬದ, ಒಂದೇ ಬೆಳಗಿನ ಪೂರ್ತಿ ಆಲ್ಬಮ್ ಕೇಳಿ, ಕೈಚಳಕ ಅಲ್ಲಿ ತಿಳಿಯುತ್ತದೆ. ತಿದ್ದಿದ ಚಿತ್ರಗಳು ಎಷ್ಟು, ಎಷ್ಟು ದಿನಕ್ಕೆ, ಮಳೆ ಬಂದರೆ ಮುಂಗಡ ಏನಾಗುತ್ತದೆ ಎಂಬುದು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿರಲಿ. ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕಿನ ವಿಚಾರ ಅನೇಕರಿಗೆ ತಿಳಿದಿಲ್ಲ: ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದರ ಮೊದಲ ಒಡೆತನ ತೆಗೆಸಿದವರದೇ. ನಿಮ್ಮ ಮಗುವಿನ ಮುಖ ನನ್ನ ಜಾಹೀರಾತಿನಲ್ಲಿ ಬರಬೇಕಾದರೆ ನಾನು ನಿಮ್ಮನ್ನು ಕೇಳಲೇಬೇಕು.

ಭೋಗನಂದೀಶ್ವರ ದೇವಾಲಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ ಕಾಯುವ ಸ್ಮಾರಕ. ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಪೂಜೆ ನಡೆಯುವ ಗುಡಿಯೂ ಹೌದಾದ್ದರಿಂದ ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸುವುದಿಲ್ಲ.

ಸಾಧ್ಯವಾದರೆ ವಾರದ ನಡುವೆ ಬನ್ನಿ. ಮಕ್ಕಳಿಗೆ ಹೊಟ್ಟೆಗೆ ಏನಾದರೂ ಕೊಟ್ಟು ಕರೆತನ್ನಿ. ಮೊದಲ ಹದಿನೈದು ನಿಮಿಷ ನಾನು ಕ್ಯಾಮೆರಾ ಎತ್ತದೆ ಮಾತಾಡಿಸುತ್ತಿದ್ದರೆ ಸಮಯ ಹಾಳಾಯಿತೆಂದು ಗಡಿಬಿಡಿ ಮಾಡಬೇಡಿ, ಭುಜಗಳು ಸಡಿಲವಾಗುವುದನ್ನೇ ಕಾಯುತ್ತಿರುತ್ತೇನೆ.