ಐದು ಸಾವಿರ ಲ್ಯೂಮೆನ್, ಎರಡೇ ನಿಮಿಷ

ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೆ ಈಗಲೂ ‘ಬ್ಯಾಟ್ರಿ’ ಎಂದೇ ಹೆಸರು. ರಾತ್ರಿ ಕರೆಂಟು ಬಂದಾಗ ಗದ್ದೆಗೆ ನೀರು ತಿರುಗಿಸಲು ಹೊರಟವರ ಕೈಯಲ್ಲಿ ಮೂರು ಶೆಲ್ಲಿನ ಸ್ಟೀಲ್ ಬ್ಯಾಟ್ರಿ ಇರುತ್ತಿತ್ತು. ಈಗ ಗೇಣುದ್ದವೂ ಇಲ್ಲದ ಎಲ್‌ಇಡಿ ಟಾರ್ಚಿನ ಡಬ್ಬಿಯ ಮೇಲೆ ‘5000 ಲ್ಯೂಮೆನ್’ ಎಂದಿರುತ್ತದೆ. ಲ್ಯೂಮೆನ್ ಎಂದರೆ ಕಣ್ಣಿಗೆ ಕಾಣುವ ಒಟ್ಟು ಬೆಳಕಿನ ಅಳತೆ. ಅಗ್ಗದ ಮಾಲಿನಲ್ಲಿ ಇದು ಹಸಿ ಸುಳ್ಳು. ಒಳ್ಳೆಯ ಮಾಲಿನಲ್ಲಿ ನಿಜ, ಆದರೆ ಒಂದೆರಡು ನಿಮಿಷದ ನಿಜ.

1993ರಲ್ಲಿ ಜಪಾನಿನ ಶುಜಿ ನಾಕಾಮುರಾ ಪ್ರಖರವಾದ ನೀಲಿ ಎಲ್‌ಇಡಿ ತಯಾರಿಸಿದರು. ಅದರ ಮೇಲೆ ಫಾಸ್ಫರ್, ಅಂದರೆ ನೀಲಿ ಬೆಳಕನ್ನು ಹಳದಿಯಾಗಿಸುವ ಪುಡಿ, ಬಳಿದು ಅವರಿದ್ದ ನಿಚಿಯಾ ಕಂಪನಿಯವರು 1996ರಲ್ಲಿ ಬಿಳಿ ಬೆಳಕು ತೆಗೆದರು. ಆಗ ಅದು ಒಂದು ವ್ಯಾಟಿಗೆ ಕೊಡುತ್ತಿದ್ದುದು ಸುಮಾರು 5 ಲ್ಯೂಮೆನ್. 2014ರ ಹೊತ್ತಿಗೆ ಅಮೆರಿಕದ ಕ್ರೀ ಕಂಪನಿಯ ಪ್ರಯೋಗಾಲಯದಲ್ಲಿ ಈ ಅಂಕಿ 303 ಮುಟ್ಟಿತು.

ಇನ್ನು ಇದೇ ಓಟ ಸಾಧ್ಯವಿಲ್ಲ. ತಡೆ ಇರುವುದು ನಮ್ಮ ಕಣ್ಣಿನಲ್ಲೇ. ಕಣ್ಣಿಗೆ ಅತಿ ಚೆನ್ನಾಗಿ ಕಾಣುವ ಹಸಿರು ಬೆಳಕಿನಲ್ಲೂ ಒಂದು ವ್ಯಾಟಿಗೆ 683 ಲ್ಯೂಮೆನ್ನೇ ಕೊನೆ. ಬಿಳಿ ಎನಿಸಬೇಕಾದರೆ ಕಣ್ಣು ಅಷ್ಟಾಗಿ ಗುರುತಿಸದ ಕೆಂಪು, ನೀಲಿಗಳೂ ಬೆರೆಯಬೇಕು. ಆಗ ಆ ಮಿತಿ 300–350ರ ಆಸುಪಾಸಿಗೆ ಇಳಿಯುತ್ತದೆ. ಮಾರುಕಟ್ಟೆಯ ಒಳ್ಳೆಯ ಟಾರ್ಚುಗಳು ಹದವಾಗಿ ಉರಿಸಿದರೆ 150 ಕೊಡುತ್ತವೆ. ಅಂದರೆ ಉಳಿದಿರುವುದು ಎರಡು ಪಟ್ಟಿನ ದಾರಿ ಮಾತ್ರ. ಅದರಲ್ಲೂ ನೀಲಿಯನ್ನು ಹಳದಿಯಾಗಿಸುವಾಗಲೇ ಐದರಲ್ಲೊಂದು ಪಾಲು ಶಾಖವಾಗಿ ಸೋರುತ್ತದೆ.

ನಿಜವಾದ ತಲೆನೋವು ಈ ಶಾಖದ್ದೇ. ಹಳೆಯ ಬಲ್ಬು ತನ್ನ ಬಿಸಿಯ ಬಹುಪಾಲನ್ನು ಅವಕೆಂಪು ಕಿರಣವಾಗಿ ಬೆಳಕಿನ ಜೊತೆಗೇ ಹೊರಗೆಸೆಯುತ್ತಿತ್ತು. ಎಲ್‌ಇಡಿಗೆ ಆ ಸೌಲಭ್ಯವಿಲ್ಲ. ಬಿಸಿಯೆಲ್ಲ ಹಿಂಬದಿಯ ಲೋಹಕ್ಕೆ ಇಳಿದು, ಟಾರ್ಚಿನ ಮೈಯಿಂದಲೇ ಹೊರಹೋಗಬೇಕು. ಜೋರಾಗಿ ಉರಿಸಿದಷ್ಟೂ ದಕ್ಷತೆ ಬೀಳುವುದರಿಂದ, 5000 ಲ್ಯೂಮೆನ್ನಿಗೆ ಸುಮಾರು 40 ವ್ಯಾಟ್ ಬೇಕು. ಅದರಲ್ಲಿ ಅರ್ಧಕ್ಕೂ ಹೆಚ್ಚು ಶಾಖ. ರೇಡಿಯೋ ರಿಪೇರಿಯವನ ಸೋಲ್ಡರಿಂಗ್ ಐರನ್ನನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ!

ಶೆಲ್ಲಿನ ಕಥೆಯೂ ಅಷ್ಟಕ್ಕಷ್ಟೇ. 18650 ಎಂಬ ಲಿಥಿಯಂ ಶೆಲ್ಲಿನಲ್ಲಿ ಹಿಡಿಯುವುದು ಸುಮಾರು 12 ವ್ಯಾಟ್-ಗಂಟೆಯ ಶಕ್ತಿ. ಇಪ್ಪತ್ತು ವರ್ಷಗಳಲ್ಲಿ ಅದು ದುಪ್ಪಟ್ಟೂ ಆಗಿಲ್ಲ. 40 ವ್ಯಾಟಿನಂತೆ ಹೀರಿದರೆ ಹದಿನೆಂಟು ನಿಮಿಷಕ್ಕೆ ಖಾಲಿ.

ಇಷ್ಟೆಲ್ಲ ಮಾಡಿ ಸಿಗುವುದಾದರೂ ಏನು? ಬೆಳಕು ದೂರದ ವರ್ಗಕ್ಕೆ ತಕ್ಕಂತೆ ತೆಳುವಾಗುತ್ತದೆ. ಅದೇ ರಿಫ್ಲೆಕ್ಟರಿನಲ್ಲಿ ಐದು ಪಟ್ಟು ಬೆಳಕು ಸುರಿದರೂ ಅದು ತಲುಪುವ ದೂರ ಹೆಚ್ಚುವುದು ಎರಡು ಪಟ್ಟಿಗಿಂತ ತುಸು ಮೇಲೆ. ತೋಟದಂಚಿನ ಹಂದಿಯನ್ನು ನೋಡಬೇಕಿದ್ದವರು ಲ್ಯೂಮೆನ್ ಬಿಟ್ಟು ರಿಫ್ಲೆಕ್ಟರಿನ ಅಗಲ ನೋಡುವುದೇ ಮೇಲು.

ಒಂದೆರಡು ನಿಮಿಷ ಕಳೆಯುವಷ್ಟರಲ್ಲಿ ಟಾರ್ಚಿನೊಳಗಿನ ಸರ್ಕ್ಯೂಟು ಬಿಸಿಯನ್ನು ಗಮನಿಸಿ, ಬೆಳಕನ್ನು ಮೆಲ್ಲಗೆ ಸಾವಿರದ ಆಸುಪಾಸಿಗೆ ಇಳಿಸಿರುತ್ತದೆ. ಹಿಡಿದವರಿಗೆ ಬಹುಮಟ್ಟಿಗೆ ಅದು ಗೊತ್ತೇ ಆಗುವುದಿಲ್ಲ.