ಚೆಕ್‌ಪಾಯಿಂಟ್ ಸರಾಸರಿ: ಕೆಲವರಿಗೆ ಲಾಭ, ಕೆಲವರಿಗೆ ಕಸ, ಯಾಕೆ?

ಧಾರವಾಡ, ಹುಬ್ಬಳ್ಳಿ ಕಾಲೇಜುಗಳಲ್ಲಿ ಭಾಷಾ ಮಾಡೆಲ್ ಟ್ರೇನ್ ಮಾಡಲು ಹೊರಟವರಿಗೆ ಈ ಗೊಂದಲ ಬಂದೇ ಬರುತ್ತದೆ. ಟ್ರೇನಿಂಗ್ ನಡುವೆ ಉಳಿಸಿದ ಚೆಕ್‌ಪಾಯಿಂಟ್‌ಗಳ (ಆ ಹೊತ್ತಿನ ಮಾಡೆಲ್‌ನ ತೂಕಗಳ, ಅಂದರೆ ಅದು ಕಲಿತ ಅಂಕಿಗಳ, ಪ್ರತಿಗಳ) ಸರಾಸರಿ ತೆಗೆದರೆ ಮಾಡೆಲ್ ಸುಧಾರಿಸುತ್ತದೆ ಅಂತ ಒಬ್ಬರು, ಏನೂ ಆಗಲಿಲ್ಲ ಅಂತ ಇನ್ನೊಬ್ಬರು. ಇಬ್ಬರೂ ಹೇಳುವುದು ನಿಜ.

ವಿಚಾರ ಹಳೆಯದು. ಪ್ರತಿ ಹೆಜ್ಜೆಯೂ ಅತ್ತಿತ್ತ ತೂಗಾಡುವಾಗ ಕೊನೆಯ ಹೆಜ್ಜೆಗಿಂತ ಇಡೀ ದಾರಿಯ ಸರಾಸರಿಯೇ ಚೆನ್ನ ಎಂದು 1988ರಲ್ಲಿ ರುಪರ್ಟ್, 1992ರಲ್ಲಿ ಪೋಲ್ಯಾಕ್ ಮತ್ತು ಯುಡಿಟ್ಸ್ಕಿ ಲೆಕ್ಕ ಹಾಕಿ ತೋರಿಸಿದರು. ಇಂದಿನ ಭಾಷಾ ಮಾಡೆಲ್‌ಗಳ ವಿನ್ಯಾಸವಾದ ಟ್ರಾನ್ಸ್‌ಫಾರ್ಮರ್‌ನ 2017ರ ಪ್ರಬಂಧದಲ್ಲೂ ಚಿಕ್ಕ ಮಾಡೆಲ್‌ಗೆ ಕೊನೆಯ 5, ದೊಡ್ಡದಕ್ಕೆ ಕೊನೆಯ 20 ಚೆಕ್‌ಪಾಯಿಂಟ್‌ಗಳ ಸರಾಸರಿ ತೆಗೆದಿದ್ದರು.

ನಿಜವಾದ ತಿರುವು 2018ರದು. ಲರ್ನಿಂಗ್ ರೇಟ್, ಅಂದರೆ ಪ್ರತಿ ಹೆಜ್ಜೆಯ ಅಳತೆ, ಜಾಸ್ತಿ ಇದ್ದಾಗ ಮಾಡೆಲ್ ತಪ್ಪು ಕಡಿಮೆ ಇರುವ ಕಣಿವೆಯ ತಳಕ್ಕೆ ಇಳಿಯುವುದಿಲ್ಲ, ಅಂಚಿನಲ್ಲೇ ಸುತ್ತುತ್ತಿರುತ್ತದೆ. ಆ ಬಿಂದುಗಳ ಸರಾಸರಿ ತೆಗೆದರೆ ನಡುವಿಗೆ ಬಂದು ಬೀಳುತ್ತದೆ ಎಂದು ಎಸ್‌ಡಬ್ಲ್ಯುಎ (ತೂಕಗಳ ಸರಾಸರಿ ತೆಗೆಯುವ ಒಂದು ವಿಧಾನ) ತೋರಿಸಿತು. ಅಂದರೆ ಲರ್ನಿಂಗ್ ರೇಟ್ ಇಳಿಸಿ ಪಡೆಯುವುದರಲ್ಲಿ ಒಂದಷ್ಟನ್ನು ಸರಾಸರಿಯೇ ಕೊಡುತ್ತದೆ. ಇಷ್ಟು ತಿಳಿದರೆ ಅರ್ಧ ಜಗಳ ಮುಗಿಯಿತು: ರೇಟನ್ನು ಸೊನ್ನೆ ಹತ್ತಿರ ಇಳಿಸಿ ಮುಗಿಸಿದ ಮೇಲೆ ಕೊನೆಯ ಚೆಕ್‌ಪಾಯಿಂಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತವೆ, ಅವನ್ನು ಸೇರಿಸಿ ಸಿಗುವುದೇನು?

ಉಳಿದರ್ಧ ಜಗಳ ಮಾಡೆಲ್‌ಗಳು ಎಲ್ಲಿಂದ ಹೊರಟವು ಅನ್ನುವುದರದ್ದು. ಬೇರೆ ಬೇರೆ ರ್‍ಯಾಂಡಮ್ ಆರಂಭದಿಂದ ಬೆಳೆದ ಎರಡು ಮಾಡೆಲ್‌ಗಳನ್ನು ಸುಮ್ನೆ ಸೇರಿಸಿದರೆ ಸಿಗುವುದು ಕಸ. ಮೊದಲೇ ಟ್ರೇನ್ ಆದ ಒಂದೇ ಬೇಸ್ ಮಾಡೆಲ್‌ನಿಂದ ಕವಲೊಡೆದವು ಹಲವು ಸಲ ಚೆನ್ನಾಗಿ ಕೂಡುತ್ತವೆ, 2022ರಲ್ಲಿ ಬಂದ 'ಮಾಡೆಲ್ ಸೂಪ್' ಕೆಲಸ ನಿಂತದ್ದು ಇದರ ಮೇಲೆಯೇ. 2024ರಲ್ಲಿ ಮೆಟಾ ಕಂಪನಿಯ ಲಾಮಾ 3 ಮಾಡೆಲ್‌ನ ತಂಡ ಕೊನೆಯ ಹಂತದ ಚೆಕ್‌ಪಾಯಿಂಟ್‌ಗಳ ಸರಾಸರಿ ತೆಗೆಯಿತು. ಮುಕ್ತ ಮಾಡೆಲ್ ಓಲ್ಮೋ 2ರ ತಂಡ ಕೊನೆಯ ಹಂತವನ್ನು ಡೇಟಾದ ಕ್ರಮ ಬದಲಿಸಿ ಹಲವು ಸಲ ಓಡಿಸಿ, ಬಂದ ಮಾಡೆಲ್‌ಗಳನ್ನು ಸೇರಿಸಿತು.

ಆದರೆ ಎಷ್ಟೋ ವರದಿಗಳಲ್ಲಿ 'ಸರಾಸರಿ ಮಾಡಿದ್ದೇವೆ' ಅನ್ನುವ ಒಂದು ಸಾಲಷ್ಟೇ ಇರುತ್ತದೆ. ಎಷ್ಟು ಚೆಕ್‌ಪಾಯಿಂಟ್, ಎಷ್ಟು ಹೆಜ್ಜೆಗೊಂದು, ಆಗ ಲರ್ನಿಂಗ್ ರೇಟ್ ಎಷ್ಟು, ಒಂದೂ ಇಲ್ಲ. ಜಿಪಿಯು ರಾಶಿ ಇರುವವರು ಹತ್ತು ಸಲ ಓಡಿಸಿ ಕಂಡುಕೊಂಡಾರು. ಒಂದೆರಡು ಕಾರ್ಡ್‌ನಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೆ ಆ ಮೂರು ಅಂಕಿ ಸಿಕ್ಕರೆ ವಾರಗಟ್ಟಲೆ ಉಳಿಯುತ್ತದೆ, ಅಲ್ವಾ?

ಸರಾಸರಿ ತೆಗೆಯಲು ಜಿಪಿಯು ಬೇಕಿಲ್ಲ. 700 ಕೋಟಿ ಪ್ಯಾರಾಮೀಟರ್ ಮಾಡೆಲ್‌ನ ತೂಕಗಳು 16 ಬಿಟ್‌ನಲ್ಲಿ ಸುಮಾರು 14 ಜಿಬಿ. ಐದು ಚೆಕ್‌ಪಾಯಿಂಟ್ ಅಂದರೆ 70 ಜಿಬಿ ಡಿಸ್ಕ್ ಜಾಗ, ಅಷ್ಟೇ. ಟ್ರೇನ್ ಮಾಡಲು ಆಗದವರಿಗೂ ದಾರಿ ಇದೆ. ಪಿಥಿಯಾ ಎಂಬ ಮುಕ್ತ ಭಾಷಾ ಮಾಡೆಲ್ ಸರಣಿಯ ಪ್ರತಿ ಮಾಡೆಲ್‌ಗೂ 154 ಚೆಕ್‌ಪಾಯಿಂಟ್ ಮುಕ್ತವಾಗಿ ಸಿಗುತ್ತವೆ. ನಡುವಿನ ಐದನ್ನೂ ಕೊನೆಯ ಐದನ್ನೂ ಬೇರೆ ಬೇರೆ ಸೇರಿಸಿ ಅಳೆದು ನೋಡಿ.