ಗ್ಲಾಸ್ಗೋ ಲಾಂಛನದ ಮೀನಿನ ಬಾಯಲ್ಲಿ ಉಂಗುರ ಯಾಕೆ?

ಪ್ರಶ್ನೆ: ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಲಾಂಛನದಲ್ಲಿ ಮೀನೊಂದು ಉಂಗುರ ಕಚ್ಚಿಕೊಂಡಿದೆ. ಅದು ನಮ್ಮ ಶಕುಂತಲೆಯ ಕತೆಯ ಹಾಗೇ ಇದೆಯಲ್ಲ?

ಉತ್ತರ: ನೋಡಿದ ತಕ್ಷಣ ಶಕುಂತಲೆಯೇ ನೆನಪಾಗುತ್ತಾಳೆ, ಅಲ್ವಾ? ಆದರೆ ಈ ಮೀನು ಆ ಊರಿನ ಕ್ಲೈಡ್ ನದಿಯದು. ಕತೆ ಗ್ಲಾಸ್ಗೋದ ರಕ್ಷಕ ಸಂತ, 6ನೇ ಶತಮಾನದ ಮಂಗೊ ಅವರದು.

ಆ ಸೀಮೆಯ ಹಳೆಯ ರಾಜ್ಯ ಸ್ಟ್ರಾತ್‌ಕ್ಲೈಡ್‌ನ ರಾಜ ತನ್ನ ರಾಣಿಗೆ ಒಂದು ಉಂಗುರ ಕೊಟ್ಟಿದ್ದ. ಅವಳು ಅದನ್ನು ತಾನು ಮೆಚ್ಚಿದ ಯೋಧನಿಗೆ ಕೊಟ್ಟುಬಿಟ್ಟಳು. ಒಮ್ಮೆ ಆ ಯೋಧ ಮಲಗಿದ್ದಾಗ ಅವನ ಬೆರಳಲ್ಲಿ ಉಂಗುರ ರಾಜನ ಕಣ್ಣಿಗೆ ಬಿತ್ತು. ಸದ್ದಿಲ್ಲದೆ ಅದನ್ನು ಕಳಚಿ ನದಿಗೆ ಎಸೆದ. ಆಮೇಲೆ ರಾಣಿಯನ್ನು ಕರೆದು, ‘ಎಲ್ಲಿ ನನ್ನ ಉಂಗುರ? ತೋರಿಸು’ ಎಂದ. ತೋರಿಸದಿದ್ದರೆ ಜೀವಕ್ಕೇ ಕುತ್ತು. ದಿಕ್ಕು ತೋಚದೆ ಅವಳು ಮಂಗೊ ಅವರಿಗೆ ಹೇಳಿಕಳಿಸಿದಳು. ಅವರು ಒಬ್ಬ ಸನ್ಯಾಸಿಯನ್ನು ಗಾಳ ಹಾಕಲು ಕಳಿಸಿದರು. ಸಿಕ್ಕಿದ್ದು ಸಾಲ್ಮನ್ ಮೀನು. ಅದರೊಳಗೆ ಉಂಗುರ!

ಶಕುಂತಲೆಯ ಉಂಗುರ ಮರೆತ ಗಂಡನಿಗೆ ನೆನಪು ತಂದಿತು. ಈ ಉಂಗುರ ತಪ್ಪು ಮಾಡಿದವಳ ಜೀವ ಉಳಿಸಿತು. ಎಷ್ಟೋ ನಗರಗಳ ಲಾಂಛನದಲ್ಲಿ ಸಿಂಹ, ಕತ್ತಿ, ಕೋಟೆ ಇರುತ್ತವೆ. ಗ್ಲಾಸ್ಗೋ ಮಾತ್ರ ಹೆದರಿ ಮೊರೆಯಿಟ್ಟವಳನ್ನು ಕಾಪಾಡಿದ ಕತೆಯನ್ನು ಗುರುತಾಗಿ ಇಟ್ಟುಕೊಂಡಿದೆ. ನನಗೆ ಇದು ತುಂಬಾ ಇಷ್ಟ.

ಲಾಂಛನದ ಹಕ್ಕಿ, ಮರ, ಗಂಟೆಯೂ ಮಂಗೊ ಅವರವೇ. ಗುರುಗಳು ಸಾಕಿದ್ದ ರಾಬಿನ್ ಹಕ್ಕಿಯನ್ನು ಜೊತೆಯ ಹುಡುಗರು ಕೊಂದು, ತಪ್ಪನ್ನು ಬಾಲಕ ಮಂಗೊ ಮೇಲೆ ಹೊರಿಸಿದರಂತೆ. ಅವನು ಪ್ರಾರ್ಥಿಸಿದಾಗ ಹಕ್ಕಿಗೆ ಜೀವ ಬಂತು. ಮರ ಮೊದಲು ಬರೀ ಹೇಜಲ್ ಕೊಂಬೆ. ಮಠದ ಬೆಂಕಿ ಆರಿಹೋದಾಗ ಹಿಮಗಟ್ಟಿದ ಆ ಕೊಂಬೆಯೇ ಹೊತ್ತಿಕೊಂಡಿತು ಎನ್ನುತ್ತದೆ ಕತೆ. ಚಿತ್ರ ಬರೆಯುವವರ ಕೈಯಲ್ಲಿ ಅದು ಹೋಗ್ತಾ ಹೋಗ್ತಾ ಓಕ್ ಮರವಾಯಿತು. ಗಂಟೆ ರೋಮ್‌ನಿಂದ ತಂದದ್ದು ಎಂಬ ನಂಬಿಕೆ ಇದೆ.

ಮೀನು, ಉಂಗುರದ ಚಿತ್ರ ಬಿಷಪ್ ರಾಬರ್ಟ್ ವಿಶಾರ್ಟ್ ಅವರ ಮುದ್ರೆಯಲ್ಲೇ ಇತ್ತು. ಅವರು 1271ರಲ್ಲಿ ಬಿಷಪ್ ಆದವರು. ನಗರದ ಲಾಂಛನಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1866ರಲ್ಲಿ. ಲಾಂಛನದ ನಡುವಿನ ಗುರಾಣಿಯಲ್ಲಿ ಒಂದು ಮೀನು, ಗುರಾಣಿಯ ಎರಡೂ ಪಕ್ಕ ಒಂದೊಂದು. ಮೂರರ ಬಾಯಲ್ಲೂ ಉಂಗುರ.

ಬೇಸರದ ಮಾತೆಂದರೆ, ಅದೇ ಶತಮಾನದಲ್ಲಿ ಕಾರ್ಖಾನೆ ಮತ್ತು ಊರಿನ ಕೊಳೆ ಸೇರಿ ಕ್ಲೈಡ್ ನದಿಯಿಂದ ಸಾಲ್ಮನ್ ಮಾಯವಾಯಿತು. ನೂರಕ್ಕೂ ಜಾಸ್ತಿ ವರ್ಷ ಅದು ಲಾಂಛನದಲ್ಲಿ ಮಾತ್ರ ಉಳಿದಿತ್ತು. ನೀರು ತಿಳಿಯಾದ ಮೇಲೆ, 1983ರಲ್ಲಿ, ಮೀನು ನದಿಗೆ ಮರಳಿತು.